ಪಡು ಗೋಡೆಯ ಸೆಕೆ: ಕರಾವಳಿಯ ಮನೆಗೆ ಶಾಖ ತಡೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಮಂಗಳೂರು, ಉಡುಪಿ ಕಡೆ ಮನೆ ಮನೆಯಲ್ಲೂ ಒಂದೇ ಮಾತು. ರಾತ್ರಿ ಹತ್ತಾದರೂ ಮಲಗುವ ಕೋಣೆ ತಣಿಯುವುದಿಲ್ಲ. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಎಸಿ ಹಾಕಿಸಿದರೆ ಮೆಸ್ಕಾಂ ಬಿಲ್ಲು ನೋಡಿ ಬೆವರಬೇಕು. ಗೋಡೆಗೆ ಏನಾದರೂ ಹಾಕಿಸಿದರೆ ಸೆಕೆ ಕಡಿಮೆ ಆಗುತ್ತದಾ ಅಂತ ಕೇಳುವವರಿಗಾಗಿ ಈ ಪುಟ. ಮುರಕಲ್ಲಿನ (ಲ್ಯಾಟರೈಟ್ ಎಂಬ ಕೆಂಪು ಕಲ್ಲಿನ) ಹಳೇ ಮನೆ, ಸಿಮೆಂಟ್ ಬ್ಲಾಕಿನ ಹೊಸ ಮನೆ, ಫ್ಲ್ಯಾಟು, ಮೂರನ್ನೂ ಮನಸ್ಸಲ್ಲಿಟ್ಟು ಬರೆದದ್ದು.

ಗೋಡೆಗೆ ಇನ್ಸುಲೇಷನ್ ಅಂದರೆ ನಿಜವಾಗಿ ಏನು?

ಶಾಖ ಯಾವತ್ತೂ ಬಿಸಿ ಇರುವ ಕಡೆಯಿಂದ ತಣ್ಣಗಿರುವ ಕಡೆಗೆ ಹೋಗುತ್ತದೆ. ಅದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೆ. ಆ ಕೆಲಸಕ್ಕೆ ಅತಿ ಅಗ್ಗದ, ಅತಿ ಒಳ್ಳೆಯ ವಸ್ತು ಅಲುಗಾಡದ ಗಾಳಿ. ಥರ್ಮೋಕೋಲ್, ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು), ಪಫ್ (ಪಾಲಿಯುರೆಥೇನ್ ಫೋಮ್) ಎಲ್ಲವೂ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿಯನ್ನೋ ಇನ್ನೊಂದು ಅನಿಲವನ್ನೋ ಹಿಡಿದಿಡುವ ವಸ್ತುಗಳು.

ಒಂದು ವಸ್ತು ಶಾಖವನ್ನು ಎಷ್ಟು ಸಲೀಸಾಗಿ ದಾಟಿಸುತ್ತದೆ ಎಂದು ಅಳೆಯುವ ಲೆಕ್ಕ ಇದೆ. ಕಾಂಕ್ರೀಟಿಗೆ ಅದು ಸುಮಾರು 1.5, ಸುಟ್ಟ ಇಟ್ಟಿಗೆಗೆ 0.6ರಿಂದ 0.8, ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟಿನ ಎಎಸಿ ಬ್ಲಾಕಿಗೆ 0.16ರಿಂದ 0.2, ಥರ್ಮೋಕೋಲಿಗೆ ಸುಮಾರು 0.035. ಅಂದರೆ ಎರಡು ಇಂಚಿನ ಥರ್ಮೋಕೋಲ್ ಮಾಡುವ ಕೆಲಸಕ್ಕೆ ಕಾಂಕ್ರೀಟ್ ಗೋಡೆಯನ್ನು ಆರೇಳು ಅಡಿ ದಪ್ಪ ಕಟ್ಟಬೇಕು.

ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಇದು ಇರುತ್ತದಂತೆ. ನಾವು ಯಾಕೆ ಮಾಡುವುದಿಲ್ಲ?

ಅಲ್ಲಿ ಮನೆಯ ಒಳಗಿನ ಬಿಸಿ ಹೊರಗೆ ಹೋಗದಂತೆ ಕಾಯುತ್ತಾರೆ. ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ 20 ಡಿಗ್ರಿ. ಆ ವ್ಯತ್ಯಾಸ ತಿಂಗಳುಗಟ್ಟಲೆ ಹಗಲು ರಾತ್ರಿ ಇರುತ್ತದೆ. ಇಂಗ್ಲೆಂಡಿನ ಕಡೆ ಏನೂ ಹಾಕದ ಹಳೇ ಮನೆಯಲ್ಲಿ ಹೊರಗೆ ಸೋರುವ ಶಾಖದ ಸುಮಾರು ಮೂರನೇ ಒಂದು ಭಾಗ ಗೋಡೆಯಿಂದಲೇ ಹೋಗುತ್ತದೆ. ಹಾಗಾಗಿ ಅಲ್ಲಿ ಗೋಡೆಗೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತದೆ.

ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ, ಒಳಗೆ 32. ಗಾಳಿಯ ಬಿಸಿಯಲ್ಲಿ ವ್ಯತ್ಯಾಸ ಎರಡೇ ಡಿಗ್ರಿ. ಶಾಖ ಬರುವುದು ಬಿಸಿಲಿನಿಂದ, ಅದೂ ಬಿಸಿಲು ನೇರ ಬೀಳುವ ಜಾಗದಿಂದ. ಗೋಡೆಯ ಮೇಲೆ ಬಿಸಿಲೇ ಬೀಳದಿದ್ದರೆ ಅದಕ್ಕೆ ಇನ್ಸುಲೇಷನ್ ಹಾಕಿ ಸಿಗುವುದು ತೀರಾ ಕಡಿಮೆ.

ಅಲ್ಲಿಯ ಪದ್ಧತಿಯನ್ನು ಇದ್ದ ಹಾಗೇ ಇಲ್ಲಿಗೆ ತಂದರೆ ಇನ್ನೊಂದು ತೊಂದರೆ. ಚಳಿಯ ದೇಶದಲ್ಲಿ ತೇವ ಮನೆಯ ಒಳಗಿಂದ ಹೊರಗೆ ಹೊರಡುತ್ತದೆ. ಆದ್ದರಿಂದ ತೇವ ತಡೆಯುವ ಹಾಳೆಯನ್ನು ಗೋಡೆಯ ಒಳಮುಖಕ್ಕೆ ಹಾಕುತ್ತಾರೆ. ನಮ್ಮಲ್ಲಿ ತೇವ ಇರುವುದು ಹೊರಗೆ. ಎಸಿ ಹಾಕಿದ ಕೋಣೆಯ ಒಳಮುಖಕ್ಕೆ ಪ್ಲಾಸ್ಟಿಕ್ ಹಾಳೆ ಹೊಡೆದರೆ, ಹೊರಗಿಂದ ಬಂದ ತೇವ ಅದರ ಹಿಂದೆ ಸಿಕ್ಕಿಕೊಂಡು ನೀರಾಗುತ್ತದೆ. ವಿದೇಶದ ವಿಡಿಯೋ ನೋಡಿ ಕೆಲಸ ಮಾಡಿಸುವವರು ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಸಾಕು.

ಹಾಗಾದರೆ ನಮಗೆ ಬೇಡವೇ ಬೇಡವಾ?

ಹಾಗೇನೂ ಅಲ್ಲ. ಎಸಿ ಇಲ್ಲದ ಮನೆಗೆ ಮೊದಲು ನೆರಳು, ಆಮೇಲೆ ತಾರಸಿ, ಕೊನೆಗೆ ಗೋಡೆ. ಎಸಿ ಇರುವ ಕೋಣೆಗೆ, ಅದರಲ್ಲೂ ಪಡು ಗೋಡೆ ಇರುವ ಕೋಣೆಗೆ, ಇನ್ಸುಲೇಷನ್ ಖಂಡಿತ ಕೆಲಸ ಮಾಡುತ್ತದೆ. ಈ ಕ್ರಮ ತಪ್ಪಿಸಿ ನಾಲ್ಕೂ ಸುತ್ತಿನ ಗೋಡೆಗೆ ಖರ್ಚು ಮಾಡಿ, ತಾರಸಿಯನ್ನು ಬಿಸಿಲಿಗೆ ಬಿಟ್ಟವರ ಮನೆಯಲ್ಲಿ ಸೆಕೆ ಮೊದಲಿನಷ್ಟೇ ಇರುತ್ತದೆ.

ಯಾವ ಗೋಡೆಗೆ ಜಾಸ್ತಿ ಬಿಸಿಲು?

ಪಡುವಣದ್ದು. ಮೂಡಣದ ಗೋಡೆಗೂ ಹೆಚ್ಚು ಕಡಿಮೆ ಅಷ್ಟೇ ಬಿಸಿಲು ಬೀಳುತ್ತದೆ, ಆದರೆ ಬೆಳಗ್ಗೆ ಗಾಳಿ ತಂಪು, ಗೋಡೆಯೂ ತಂಪು. ಮಧ್ಯಾಹ್ನ ಮೂರರ ಹೊತ್ತಿಗೆ ಊರೇ ಕಾದಿರುತ್ತದೆ. ಅದರ ಮೇಲೆ ಬಿಸಿಲು ಗೋಡೆಗೆ ನೇರ ಹೊಡೆಯುತ್ತದೆ.

ತೆಂಕು ಗೋಡೆಗೆ ಬಿಸಿಲು ಬೀಳುವುದು ಮುಖ್ಯವಾಗಿ ನವೆಂಬರಿನಿಂದ ಫೆಬ್ರವರಿವರೆಗೆ. ಬಡಗು ಗೋಡೆಗೆ ಬಿಸಿಲೇ ಇಲ್ಲ ಅಂತ ಹಲವರು ಹೇಳುತ್ತಾರೆ, ಅದು ಪೂರ್ತಿ ಸರಿ ಅಲ್ಲ. ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24, 25ರ ಸುಮಾರಿಗೆ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಶಾಲೆಯ ಮಕ್ಕಳು ಕಂಬ ನೆಟ್ಟು ನೋಡುತ್ತಾರಲ್ಲ, ಅದು. ಆಮೇಲೆ ಆಗಸ್ಟ್ ನಡುವಿನವರೆಗೆ ಸೂರ್ಯ ನಮಗಿಂತ ಬಡಗಲಲ್ಲೇ ಇರುತ್ತಾನೆ. ಹಾಗಾಗಿ ಮೇ ತಿಂಗಳ ಸಂಜೆ ಬಿಸಿಲು ಬರುವುದು ವಾಯವ್ಯದ ಕಡೆಯಿಂದ. ವಾಯವ್ಯ ಮೂಲೆಯ ಕೋಣೆಯಲ್ಲಿ ಮಲಗುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪಡು ಬಿಸಿಲಿಗೆ ಕಿಟಕಿಯ ಮೇಲಿನ ಸಜ್ಜಾ ಏನೂ ಮಾಡಲಾರದು. ಸಂಜೆ ಸೂರ್ಯ ಕೆಳಗಿಳಿದಿರುತ್ತಾನೆ, ಬಿಸಿಲು ಸಜ್ಜಾದ ಕೆಳಗಿಂದ ನುಗ್ಗುತ್ತದೆ. ಅದಕ್ಕೆ ನೆಟ್ಟಗೆ ನಿಲ್ಲುವ ಮರೆಯೇ ಬೇಕು.

ಗೋಡೆಯಿಂದ ಎಷ್ಟು ಶಾಖ ಬರುತ್ತದೆ, ತಾರಸಿಯಿಂದ ಎಷ್ಟು?

ಅಂದಾಜು ಲೆಕ್ಕ ಹಾಕೋಣ. ಹತ್ತು ಅಡಿ ಎತ್ತರ, ಹನ್ನೆರಡು ಅಡಿ ಉದ್ದದ ಒಂದು ಪಡು ಗೋಡೆ, ಅಂದರೆ ಸುಮಾರು 11 ಚದರ ಮೀಟರ್. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಸಾರಣೆ. ಬಿಸಿಲಿಗೆ ಹೊರಮುಖ 45 ಡಿಗ್ರಿ ಮುಟ್ಟಿದೆ, ಒಳಗೆ ಎಸಿ 27ಕ್ಕಿದೆ ಅಂದುಕೊಳ್ಳಿ. ಇದೇ ಸ್ಥಿತಿ ಮುಂದುವರಿದರೆ ಒಳಗೆ ಬರುವ ಶಾಖ 400 ವಾಟಿನ ಮೇಲೆ. ಎರಡು ಇಂಚು ಥರ್ಮೋಕೋಲ್ ಸೇರಿಸಿದರೆ ಅದು 100 ವಾಟಿನ ಆಸುಪಾಸಿಗೆ ಇಳಿಯುತ್ತದೆ. ಉಳಿತಾಯ ಆದದ್ದು 300 ವಾಟ್ ಚಿಲ್ಲರೆ. ಒಂದು ಟನ್ನಿನ ಎಸಿ ಎಳೆದು ಹೊರಹಾಕುವ ಶಾಖ ಸುಮಾರು 3500 ವಾಟ್. ಗೋಡೆಯೊಂದರಿಂದ ಅದರ ಹತ್ತನೇ ಒಂದು ಭಾಗದಷ್ಟು ಹೊರೆ ಇಳಿಯಿತು.

ಈಗ ಅಷ್ಟೇ ಅಳತೆಯ ತಾರಸಿ ನೋಡಿ. ನಾಲ್ಕೈದು ಇಂಚಿನ ಬರೀ ಆರ್‌ಸಿಸಿ ಚಪ್ಪಡಿ, ಮೇಲ್ಮೈ 55 ಡಿಗ್ರಿ ದಾಟುವುದು ಬೇಸಗೆಯಲ್ಲಿ ಮಾಮೂಲು. ಅಲ್ಲಿಂದ ಇಳಿಯುವ ಶಾಖ ಸಾವಿರ ವಾಟಿನ ಹತ್ತಿರ. ಗೋಡೆಯ ಎರಡು ಪಟ್ಟಿಗಿಂತ ಜಾಸ್ತಿ.

ನಮ್ಮಲ್ಲಿ ಮಳೆಗೆ ಹೆದರಿ ತಾರಸಿ ಮೇಲೆ ಶೀಟು ಹಾಕಿಸುವ ರೂಢಿ ಇದೆಯಲ್ಲ, ಅದು ಅರ್ಧ ಕೆಲಸವನ್ನು ಆಗಲೇ ಮಾಡಿರುತ್ತದೆ. ಚಪ್ಪಡಿಗೆ ನೆರಳಾಯಿತು, ನಡುವೆ ಗಾಳಿ ಆಡುತ್ತದೆ. ಆದರೆ ಸುತ್ತಲೂ ಗೋಡೆ ಎಬ್ಬಿಸಿ, ಗಾಳಿ ಹೋಗದಂತೆ ಮುಚ್ಚಿ, ಅದನ್ನೂ ಕೋಣೆ ಮಾಡಿಕೊಂಡರೆ ಆ ಲಾಭ ಹೋಯಿತು.

ಸಂಜೆ ತಣ್ಣಗಿದ್ದ ಗೋಡೆ ರಾತ್ರಿ ಯಾಕೆ ಬಿಸಿಯಾಗುತ್ತದೆ?

ದಪ್ಪ ಗೋಡೆ ಶಾಖವನ್ನು ತಡವಾಗಿ ದಾಟಿಸುತ್ತದೆ. ಒಂಬತ್ತು ಇಂಚಿನ ಗೋಡೆಯಲ್ಲಿ ಐದಾರು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ತಡ. ನಾಲ್ಕು ಗಂಟೆಯ ಬಿಸಿಲು ಒಳಗೆ ಮುಟ್ಟುವಾಗ ರಾತ್ರಿ ಒಂಬತ್ತೂವರೆ, ಹತ್ತು. ನೀವು ಚಾಪೆ ಬಿಡಿಸುವ ಹೊತ್ತು!

ಪರೀಕ್ಷೆ ಸುಲಭ. ರಾತ್ರಿ ಊಟ ಆದ ಮೇಲೆ ಅಂಗೈಯನ್ನು ಮೊದಲು ಮೂಡು ಗೋಡೆಯ ಒಳಮುಖಕ್ಕೆ ಒತ್ತಿ, ಆಮೇಲೆ ಪಡು ಗೋಡೆಗೆ, ಆಮೇಲೆ ಸ್ಟೂಲ್ ಹತ್ತಿ ಸೀಲಿಂಗಿಗೆ. ಯಾವುದು ಎಲ್ಲಕ್ಕಿಂತ ಬಿಸಿಯೋ ದುಡ್ಡು ಮೊದಲು ಅಲ್ಲಿಗೆ. ಹೆಚ್ಚಿನ ಮನೆಗಳಲ್ಲಿ ಸೀಲಿಂಗೇ ಗೆಲ್ಲುತ್ತದೆ. ಮೇಲೆ ಇನ್ನೊಂದು ಮಹಡಿ ಇದ್ದರೆ ಮಾತ್ರ ಗೋಡೆಯ ಸರದಿ.

ಮುರಕಲ್ಲಿನ ಮನೆ ತಂಪು ಅಂತಾರೆ. ನಿಜವಾ?

ಮನೆ ತಂಪು, ನಿಜ. ಆದರೆ ಆ ಹೆಸರನ್ನು ಕಲ್ಲೊಂದೇ ತೆಗೆದುಕೊಳ್ಳುವುದು ಅನ್ಯಾಯ. ಹಳೇ ಮನೆಯನ್ನು ಒಮ್ಮೆ ಸುತ್ತು ಹಾಕಿ ನೋಡಿ. ಮಾಡು ಇಳಿಜಾರಾಗಿ ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಬಂದಿದೆ. ಸುತ್ತ ಜಗಲಿ. ಗೋಡೆಗೆ ಬಿಸಿಲು ಬೀಳುವುದೇ ಅಪರೂಪ. ಹಂಚಿನ ಸಂದುಗಳಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ. ಹಂಚು ಕಾದರೂ ಶಾಖ ಅಟ್ಟದಲ್ಲೇ ನಿಲ್ಲುತ್ತದೆ, ಮತ್ತೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಹಂಚು ತಣಿಯುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಮಾಡು ಊರೂರಿಗೆ ಹಬ್ಬಿತು.

ಅದೇ ಮುರಕಲ್ಲಿನಿಂದ ಸೂರಿಲ್ಲದ, ಚಪ್ಪಟೆ ತಾರಸಿಯ ಮನೆ ಕಟ್ಟಿ. ಪಡು ಗೋಡೆ ಸಿಮೆಂಟ್ ಬ್ಲಾಕಿನದ್ದರ ಹಾಗೇ ರಾತ್ರಿಯೆಲ್ಲ ಶಾಖ ಬಿಡುತ್ತಾ ಕೂರುತ್ತದೆ. ಹಂಚು ತೆಗೆದು ಆರ್‌ಸಿಸಿ ಹಾಕಿಸಿದವರು, ಕಲ್ಲು ಅದೇ, ಆದರೂ ಸೆಕೆ ಜಾಸ್ತಿ ಆಯಿತು ಅನ್ನುವುದು ಇದಕ್ಕೇ.

ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ತುಂಬಾ ಇದೆ. ಕರಾವಳಿಯಲ್ಲಿ ಇದನ್ನು ಬಿಟ್ಟು ಗೋಡೆಯ ಮಾತೇ ಆಡುವ ಹಾಗಿಲ್ಲ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬರುವ ಜಾಗ ನಮ್ಮದು. ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ, ಅದೂ ಗಾಳಿಯ ಜೊತೆ ಓರೆಯಾಗಿ ಪಡುವಣದಿಂದ. ಮುರಕಲ್ಲಿನ ಮೈತುಂಬ ತೂತು, ನೀರು ಕುಡಿಯುತ್ತದೆ. ಆ ತೂತುಗಳಲ್ಲಿ ಗಾಳಿ ಇದ್ದರೆ ಸ್ವಲ್ಪ ಶಾಖ ತಡೆ. ನೀರು ತುಂಬಿದರೆ ಅದೂ ಇಲ್ಲ, ಯಾಕೆಂದರೆ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ. ರಾಕ್‌ವೂಲಿಗೂ ಇದೇ ಗತಿ. ಒದ್ದೆಯಾದ ರಾಕ್‌ವೂಲ್ ಗೋಡೆಯೊಳಗೆ ಇದ್ದರೂ ಇಲ್ಲದ ಲೆಕ್ಕ.

ಬ್ರಿಟನ್ನಿನಲ್ಲಿ ಎರಡು ಪದರದ ಗೋಡೆಯ ನಡುವಿನ ಸಂದಿಗೆ ಇನ್ಸುಲೇಷನ್ ತುಂಬುತ್ತಾರೆ. ಗಾಳಿಮಳೆ ಜೋರಿರುವ ಅಲ್ಲಿಯ ಪಡು ಕರಾವಳಿಯಲ್ಲಿ ಹೀಗೆ ತುಂಬಿಸಿದ ಕೆಲವು ಮನೆಗಳಲ್ಲಿ ಹೊರ ಪದರದ ನೀರು ಆ ತುಂಬಿದ ವಸ್ತುವಿನ ಮೂಲಕವೇ ಒಳಗೆ ದಾಟಿ ಗೋಡೆ ಕೆಟ್ಟದ್ದುಂಟು. ಅಲ್ಲಿಯ ಮಳೆ ನಮ್ಮ ಮಳೆಯ ಮುಂದೆ ಏನು? ಆದ್ದರಿಂದ ಮೊದಲು ಗೋಡೆ ಒಣಗಬೇಕು, ಒಣಗಿಯೇ ಇರಬೇಕು. ಇನ್ಸುಲೇಷನ್ ಆಮೇಲೆ.

ಒಣಗಿದೆಯಾ ಅಂತ ನೋಡಲು ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಒಳಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ, ನೀರಿನ ಹನಿ ಕಂಡರೆ ಅಥವಾ ಗೋಡೆಯ ಬಣ್ಣ ಗಾಢವಾಗಿದ್ದರೆ ತೇವ ಗೋಡೆಯೊಳಗಿದೆ. ಹನಿ ಹಾಳೆಯ ಮೇಲೆ ಮಾತ್ರ ಇದ್ದರೆ ಅದು ಕೋಣೆಯ ಗಾಳಿಯದ್ದು.

ಒಳಗೆ ಹಾಕುವುದು ಒಳ್ಳೆಯದಾ, ಹೊರಗೆ ಹಾಕುವುದಾ?

ಆಗುವುದಾದರೆ ಹೊರಗೆ. ಬಿಸಿಲು ಗೋಡೆಯನ್ನು ಕಾಯಿಸುವ ಮೊದಲೇ ತಡೆದಂತಾಗುತ್ತದೆ. ಮಳೆಗೂ ಮರೆ.

ಹೊರಗೆ ಎರಡು ದಾರಿ. ಒಂದು, ಫೋಮ್ ಹಲಗೆಯನ್ನು ಗೋಡೆಗೆ ಅಂಟಿಸಿ, ಆಂಕರ್ ಹೊಡೆದು, ಮೇಲೆ ಮೆಶ್ ಹಾಕಿ ತೆಳು ಸಾರಣೆ ಮಾಡುವುದು. ಯುರೋಪಿನಲ್ಲಿ ಇದೇ ಜಾಸ್ತಿ. ಕೆಲಸ ನಾಜೂಕಾಗಿದ್ದರೆ ಚೆನ್ನಾಗಿರುತ್ತದೆ. ಕಿಟಕಿಯ ಮೂಲೆಯಲ್ಲಿ ಒಂದು ಬಿರುಕು ಬಿಟ್ಟರೆ ಮಾತ್ರ ನಮ್ಮ ಮಳೆ ಅದರೊಳಗೆ ಮನೆ ಮಾಡುತ್ತದೆ. ಈ ಕೆಲಸ ಬಲ್ಲ ಮೇಸ್ತ್ರಿ ಸಿಗದಿದ್ದರೆ ಕೈ ಹಾಕದಿರುವುದೇ ಮೇಲು.

ಇನ್ನೊಂದು ನನಗೆ ಹೆಚ್ಚು ಒಪ್ಪುವ ದಾರಿ. ಗೋಡೆಯಿಂದ ಒಂದೂವರೆ ಎರಡು ಇಂಚು ಬಿಟ್ಟು ಶೀಟು, ಸಿಮೆಂಟ್ ಬೋರ್ಡು ಅಥವಾ ಹಂಚು ತೂಗುಹಾಕುವುದು. ಪಡು ಗೋಡೆಗೆ ಮಳೆ ಬೀಳದಂತೆ ಶೀಟು ಹೊಡೆಸುವುದು ನಮ್ಮೂರಿಗೆ ಹೊಸತಲ್ಲ. ಅದಕ್ಕೂ ಮೊದಲು ಮಡಲಿನ ತಟ್ಟಿ, ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆದರೆ ಈಗ ಶೀಟನ್ನು ಗೋಡೆಗೆ ಒತ್ತಿಯೇ ಹೊಡೆಯುತ್ತಾರೆ, ಅಲ್ಲೇ ಕೆಲಸ ಕೆಡುವುದು. ನೆಟ್ಟಗೆ ನಿಲ್ಲುವ ಪಟ್ಟಿಗಳನ್ನು ಮೊದಲು ಕೂರಿಸಿ, ಅದರ ಮೇಲೆ ಶೀಟು ಹೊಡೆಸಿ. ಅಡ್ಡ ಪಟ್ಟಿಯೇ ಬೇಕಾದರೆ ಅದು ನೆಟ್ಟಗಿನ ಪಟ್ಟಿಯ ಮೇಲೆ ಬರಲಿ, ಗೋಡೆಗೆ ತಾಗದಿರಲಿ. ಕೆಳಗೂ ಮೇಲೂ ಬಾಯಿ ತೆರೆದಿರಬೇಕು. ಬಿಸಿಲಿಗೆ ಶೀಟು ಕಾದಾಗ ಸಂದಿಯ ಗಾಳಿ ಬಿಸಿಯಾಗಿ ಮೇಲಿಂದ ಹೊರಡುತ್ತದೆ, ಕೆಳಗಿಂದ ಹೊಸ ಗಾಳಿ ಬರುತ್ತದೆ. ಮಳೆಯಲ್ಲಿ ಸ್ವಲ್ಪ ನೀರು ನುಗ್ಗಿದರೂ ಕೆಳಗಿಳಿದು ಹೋಗುತ್ತದೆ. ಎರಡೂ ಬಾಯಿಗೆ ಸ್ಟೀಲ್ ಮೆಶ್ ಹಾಕಿಸಿ, ಇಲ್ಲವಾದರೆ ಇಲಿ, ಕಣಜ, ಬಾವಲಿ ಎಲ್ಲ ಒಕ್ಕಲು ಬರುತ್ತವೆ. ಮಲ್ಪೆ, ಸುರತ್ಕಲ್, ಉಳ್ಳಾಲದ ಹಾಗೆ ಕಡಲ ಹತ್ತಿರ ಇರುವವರು ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ. ಮಾಮೂಲಿ ಸ್ಕ್ರೂ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿದು, ಶೀಟಿನ ಮೈಮೇಲೆ ಕೆಂಪು ಗೀರು ಇಳಿಸುತ್ತದೆ.

ಇಂಟೀರಿಯರ್ ಮಾಡುವವರು ಒಳಗೆ ಥರ್ಮೋಕೋಲ್ ಇಟ್ಟು ಜಿಪ್ಸಂ ಬೋರ್ಡ್ ಹೊಡೆದರೆ ಸಾಕು ಅಂತಾರೆ. ಸಾಕಾ?

ಶಾಖಕ್ಕೆ ಸಾಕು. ಬೇರೆ ಲೆಕ್ಕಗಳನ್ನೂ ನೋಡಿ. ಕೋಣೆ ಮೂರು ಇಂಚು ಕಿರಿದಾಗುತ್ತದೆ. ಥರ್ಮೋಕೋಲಿನಲ್ಲಿ ಇರುವೆ, ಒರಲೆ ಸುರಂಗ ತೋಡುತ್ತವೆ. ಬೆಂಕಿ ತಗಲಿದರೆ ಕರಗಿ ದಟ್ಟ ಕಪ್ಪು ಹೊಗೆ ಬಿಡುತ್ತದೆ, ಹಾಗಾಗಿ ಬೆಂಕಿ ಹರಡದ ದರ್ಜೆಯದ್ದನ್ನೇ ಕೇಳಿ, ಪ್ಯಾಕಿಂಗಿಗೆ ಬರುವ ಮಾಮೂಲಿ ಬಿಳಿ ಹಾಳೆ ಬೇಡ. ಅದರ ಮೇಲೆ ಜಿಪ್ಸಂ ಬೋರ್ಡಿನ ಮುಚ್ಚಳ ಇಲ್ಲದೆ ಬಿಡಲೂಬಾರದು. ವಯರಿಂಗ್ ಅದರ ಮೂಲಕ ಹೋಗುವುದಾದರೆ ಪೈಪಿನೊಳಗೇ ಹೋಗಲಿ.

ಎಕ್ಸ್‌ಪಿಎಸ್ ಅಂತ ಬರುವ ಒತ್ತಾದ ಫೋಮ್ ಹಲಗೆ ಥರ್ಮೋಕೋಲಿಗಿಂತ ಗಟ್ಟಿ, ನೀರು ಕುಡಿಯುವುದೂ ಕಡಿಮೆ. ದುಡ್ಡು ಜಾಸ್ತಿ. ಕರಾವಳಿಗೆ ನನ್ನ ಆಯ್ಕೆ ಅದೇ. ರಾಕ್‌ವೂಲಿಗೆ ಬೆಂಕಿಯ ಭಯ ಇಲ್ಲ, ಸದ್ದನ್ನೂ ತಡೆಯುತ್ತದೆ, ಆದರೆ ಒಣಗಿದ ಒಳಗೋಡೆಗೆ ಮಾತ್ರ. ತೆಂಗಿನ ನಾರು, ಭತ್ತದ ಹೊಟ್ಟು ಹಾಕಬಹುದಾ ಅಂತ ಕೇಳುವವರಿದ್ದಾರೆ. ಶಾಖ ತಡೆಯುತ್ತವೆ, ನಿಜ. ನಮ್ಮ ತೇವದಲ್ಲಿ ಬೂಷ್ಟು, ಒರಲೆ ಎರಡಕ್ಕೂ ಔತಣ ಮಾಡಿದ ಹಾಗೆ.

ಗೋಡೆ ತಂಪು ಮಾಡುವ ಪೇಂಟ್ ಬಂದಿದೆಯಲ್ಲ?

ಹೊರಗೆ ಹಚ್ಚುವ ಬಿಳಿ ಪೇಂಟ್ ಕೆಲಸ ಮಾಡುತ್ತದೆ. ಹೊಸ ಬಿಳಿ ಸುಣ್ಣ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ವಾಪಸ್ ಕಳಿಸುತ್ತದೆ. ಗಾಢ ಕಂದು, ಬೂದು ಬಣ್ಣ ಹೆಚ್ಚಿನದನ್ನು ನುಂಗುತ್ತದೆ. ಈಗಿನ ಹೊಸ ಮನೆಗಳಿಗೆಲ್ಲ ಗಾಢ ಬೂದು ಬಣ್ಣ ಬಳಿಯುವ ಖಯಾಲಿ ಯಾಕೆ ಬಂತೋ ಗೊತ್ತಿಲ್ಲ, ಪಡು ಗೋಡೆಗಾದರೂ ಅದು ಬೇಡ.

ಆದರೆ ಒಂದು ಮಳೆಗಾಲ ಕಳೆದರೆ ಬಿಳಿ ಗೋಡೆಗೆ ಪಾಚಿ ಹಿಡಿದು ಕಪ್ಪಾಗುತ್ತದೆ. ಕಪ್ಪು ಗೋಡೆ ಎಂದರೆ ಮೊದಲಿನ ಕಥೆಯೇ. ದೀಪಾವಳಿ ಹೊತ್ತಿಗೆ ಒಮ್ಮೆ ತೊಳೆಸಿದರೆ ಬೇಸಗೆಗೆ ಗೋಡೆ ತಯಾರು.

ಒಳಗೆ ಹಚ್ಚಿ, ಹತ್ತು ಡಿಗ್ರಿ ಇಳಿಯುತ್ತದೆ ಎನ್ನುವ ಪೇಂಟಿನ ಮಾತು ನಂಬಬೇಡಿ. ಎರಡು ಕೋಟ್ ಪೇಂಟಿನ ದಪ್ಪ ಅರ್ಧ ಮಿಲಿಮೀಟರೂ ಇಲ್ಲ. ಅದರಲ್ಲಿ ಎಷ್ಟು ಗಾಳಿ ಹಿಡಿದಿಡಲು ಸಾಧ್ಯ?

ಹಳೇ ಮುರಕಲ್ಲಿನ ಗೋಡೆಗೆ ಪ್ಲಾಸ್ಟಿಕ್ಕಿನ ಹಾಗೆ ಮುಚ್ಚುವ ಪೇಂಟ್ ಬಳಿಯುವಾಗ ಯೋಚಿಸಿ. ಒಳಗೆ ಸೇರಿದ ತೇವ ಹೊರಗೆ ಬರಲು ದಾರಿ ಇಲ್ಲದೆ ಪೇಂಟನ್ನೇ ಉಬ್ಬಿಸಿ ಕಿತ್ತು ಹಾಕುತ್ತದೆ. ಸುಣ್ಣದ ಸಾರಣೆ, ಸುಣ್ಣದ ಬಳಿಕೆ ಅಂಥ ಗೋಡೆಗೆ ಇವತ್ತಿಗೂ ಸರಿ.

ಬೆಳ್ಳಿ ಬಣ್ಣದ ಫಾಯಿಲ್ ಶೀಟ್?

ಹಂಚಿನ ಅಥವಾ ಶೀಟಿನ ಮಾಡಿನ ಕೆಳಗೆ, ಒಂದು ಇಂಚಾದರೂ ಗಾಳಿಯ ಸಂದು ಬಿಟ್ಟು ಕಟ್ಟಿದರೆ ಒಳ್ಳೆಯದು. ಫಾಯಿಲ್ ಕೆಲಸ ಮಾಡುವುದೇ ಆ ಸಂದಿನಿಂದ. ಗೋಡೆಗೆ ಅಂಟಿಸಿ ಮೇಲೆ ಸಾರಣೆ ಮಾಡಿದರೆ, ಎರಡೂ ಕಡೆ ಸಿಮೆಂಟ್ ತಾಗಿದರೆ, ಅದು ಬರೀ ಲೋಹದ ಹಾಳೆ. ಸುಮ್ನೆ ದುಡ್ಡು ದಂಡ.

ಎಸಿ ಕೋಣೆಯ ಪಕ್ಕದ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಸೋರಿಕೆಯಾ?

ಸೋರಿಕೆ ಅಲ್ಲದೇ ಇರಬಹುದು. ಹೊರಗೆ 30 ಡಿಗ್ರಿ ಬಿಸಿ, ಶೇಕಡಾ 80 ತೇವ ಇರುವ ದಿನ, 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕೂರುತ್ತದೆ. ಕೋಣೆಯಲ್ಲಿ ಎಸಿ 20ಕ್ಕಿಟ್ಟು ರಾತ್ರಿಯಿಡೀ ಓಡಿಸಿದರೆ, ಆಚೆ ಬದಿಯ ಹಜಾರದ ಗೋಡೆ ಬೆವರುತ್ತದೆ. ಅಲ್ಲೊಂದು ಕಪಾಟು ಇದ್ದರಂತೂ ಗಾಳಿ ಆಡುವುದಿಲ್ಲ. ಕಪಾಟು ಎಳೆದು ನೋಡಿದರೆ ಹಿಂದಿನ ಪ್ಲೈವುಡ್ ಮೇಲೆ ಕರಿ ಚುಕ್ಕೆ, ಒಳಗೆ ಮಡಿಸಿಟ್ಟ ರೇಷ್ಮೆ ಸೀರೆಯ ಮಡಿಕೆಗೆ ಬಿಳಿ ಬೂಷ್ಟು. ವಾಟರ್‌ಪ್ರೂಫಿಂಗಿನವರನ್ನು ಕರೆಸಿ ಹೊರಗೋಡೆಗೆ ಖರ್ಚು ಮಾಡಿದರೆ ಇದು ಹೋಗುವುದಿಲ್ಲ.

ಎಸಿಯನ್ನು 26ಕ್ಕಿಟ್ಟು ಫ್ಯಾನ್ ಹಾಕಿ. ಫ್ಯಾನಿನ ಗಾಳಿಗೆ ಮೈಗೆ ಎರಡು ಮೂರು ಡಿಗ್ರಿ ಕಡಿಮೆ ಇದ್ದ ಹಾಗೆ ಅನಿಸುತ್ತದೆ. ಸ್ಟಾರ್ ಗುರುತಿನ ರೂಮ್ ಎಸಿಗಳು 24ರಲ್ಲೇ ಶುರುವಾಗಬೇಕು ಅಂತ 2020ರಿಂದ ನಿಯಮ ಇದೆ, ಕರಾವಳಿಯ ಗೋಡೆಗೆ ಅದೂ ಸ್ವಲ್ಪ ತಣ್ಣಗೇ. ಕಪಾಟನ್ನು ಗೋಡೆಯಿಂದ ಎರಡು ಇಂಚು ಈಚೆ ಇಡಿ. ಎಸಿ ಕೋಣೆಯ ಬಾಗಿಲ ಕೆಳಗಿನ ಸಂದು ಮುಚ್ಚಿ.

ಹಾಗಾದರೆ ಮನೆಯ ಸಂದುಗಳನ್ನೆಲ್ಲ ಮುಚ್ಚಬೇಕಾ?

ಎಸಿ ಕೋಣೆಯಲ್ಲಿ ಮಾತ್ರ. ಉಳಿದ ಮನೆಗೆ ಗಾಳಿ ಬೇಕೇ ಬೇಕು. ನಮ್ಮ ಸೆಕೆಯಲ್ಲಿ ಬಿಸಿಗಿಂತ ತೇವದ ಕಾಟ ಜಾಸ್ತಿ. ಬೆವರು ಆರಲು ಗಾಳಿ ಆಡಬೇಕು.

ಕರಾವಳಿಯ ನಿಜವಾದ ಇಕ್ಕಟ್ಟು ಇರುವುದು ಇಲ್ಲೇ. ಮಧ್ಯಾಹ್ನದ ಕಡಲ ಗಾಳಿ ಬರುವುದು ಪಡುವಣದಿಂದ. ಬಿಸಿಲೂ ಪಡುವಣದಿಂದ, ಮಳೆಯೂ ಪಡುವಣದಿಂದ. ಬಿಸಿಲಿಗೆ ಹೆದರಿ ಪಡು ಗೋಡೆಯ ಕಿಟಕಿ ಮುಚ್ಚಿದವರು ಗಾಳಿಯನ್ನೂ ಕಳೆದುಕೊಳ್ಳುತ್ತಾರೆ. ಕಿಟಕಿ ಇರಲಿ, ಅದರ ಹೊರಗೆ ಜಾಲಿ, ಬಿದಿರಿನ ತಟ್ಟಿ ಅಥವಾ ಓರೆ ಪಟ್ಟಿಯ ಮರೆ ಬರಲಿ. ಮರೆ ಕಿಟಕಿಯ ಹೊರಗಿರಬೇಕು. ಒಳಗಿನ ಕರ್ಟನ್‌ವರೆಗೆ ಬಂದ ಬಿಸಿಲು ಆಗಲೇ ಮನೆಯೊಳಗೆ ಬಂದಾಯಿತು. ಎದುರಿನ ಮೂಡು ಗೋಡೆಯಲ್ಲೂ ಒಂದು ಕಿಟಕಿ ತೆರೆದಿರಲಿ, ಬಂದ ಗಾಳಿಗೆ ಹೋಗುವ ದಾರಿ ಬೇಕಲ್ವಾ?

ಈಗಷ್ಟೇ ಮನೆ ಕಟ್ಟಿಸುತ್ತಿದ್ದೇವೆ. ಏನು ಕಲ್ಲು ಹಾಕಲಿ?

ಗಟ್ಟಿ ಸಿಮೆಂಟ್ ಬ್ಲಾಕು ಶಾಖಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಎಂಟು ಇಂಚಿನ ಎಎಸಿ ಬ್ಲಾಕು ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಶಾಖ ಬಿಡುತ್ತದೆ, ಹಗುರ ಬೇರೆ. ಆದರೆ ಎಎಸಿ ನೀರು ಕುಡಿಯುತ್ತದೆ. ಪಡು ಗೋಡೆಯ ಹೊರ ಸಾರಣೆ ಚೆನ್ನಾಗಿರಬೇಕು, ಕಾಂಕ್ರೀಟ್ ಕಂಬ ಮತ್ತು ಬ್ಲಾಕು ಸೇರುವಲ್ಲಿ ಮೆಶ್ ಹಾಕಲೇಬೇಕು. ಟೊಳ್ಳು ಮಣ್ಣಿನ ಇಟ್ಟಿಗೆಯೂ ಒಳ್ಳೆಯ ಆಯ್ಕೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಕಟ್ಟೋಣವನ್ನು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯ ಮಾಡಿದರು, ಅದರಲ್ಲಿ ಇಟ್ಟಿಗೆಯೂ ಕಾಲು ಭಾಗದಷ್ಟು ಉಳಿತಾಯ ಆಗುತ್ತದೆ. ಮುರಕಲ್ಲೇ ಬೇಕು ಎನ್ನುವವರು ಹಾಕಿ, ಜೊತೆಗೆ ಸೂರನ್ನೂ ಹೊರಗೆ ಚಾಚಿಸಿ.

ಮನೆಗಳ ಶಾಖದ ಬಗ್ಗೆ ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೊರಡಿಸಿದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂದಿದೆ. ನಮ್ಮಂಥ ಬಿಸಿ ಮತ್ತು ತೇವದ ಊರುಗಳಿಗೆ ಅದು ಹೇಳುವ ಒಂದು ಮಾತು ನನಗೆ ಇಷ್ಟ: ತೆರೆಯಲು ಬರುವ ಕಿಟಕಿ ಬಾಗಿಲಿನ ಅಳತೆ ನೆಲದ ಅಳತೆಯ ಆರನೇ ಒಂದು ಭಾಗವಾದರೂ ಇರಬೇಕು. 120 ಚದರಡಿ ಕೋಣೆಗೆ 20 ಚದರಡಿ. ಎರಡು ಕದದ ಜಾರುವ ಕಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ, ಲೆಕ್ಕಕ್ಕೆ ಅರ್ಧವೇ ಹಿಡಿಯಿರಿ.

ನಮ್ಮದು ಫ್ಲ್ಯಾಟು. ಹೊರಗೋಡೆ ಮುಟ್ಟುವ ಹಾಗಿಲ್ಲ.

ಅಸೋಸಿಯೇಷನ್ ಒಪ್ಪಿದರೆ ಪಡು ಬದಿಗೆ ಇಡೀ ಕಟ್ಟಡಕ್ಕೇ ಬಿಳಿ ಪೇಂಟ್ ಹಾಕಿಸುವುದು ಎಲ್ಲರಿಗೂ ಲಾಭ. ಇಲ್ಲವಾದರೆ ಬಾಲ್ಕನಿಗೆ ಬಿದಿರಿನ ಪರದೆ ಇಳಿಬಿಡಿ, ಮಲಗುವ ಕೋಣೆಯ ಒಂದು ಪಡು ಗೋಡೆಗೆ ಮಾತ್ರ ಒಳಗಿನಿಂದ ಎಕ್ಸ್‌ಪಿಎಸ್ ಮತ್ತು ಜಿಪ್ಸಂ ಹಾಕಿಸಿ. ನಾಲ್ಕೂ ಗೋಡೆಗೆ ಬೇಕಾಗಿಲ್ಲ. ಕೊನೆಯ ಮಹಡಿಯವರು ತಾರಸಿಯ ಬಗ್ಗೆ ಮೊದಲು ಮಾತಾಡಿ.

ಗಿಡ ನೆಟ್ಟರೆ?

ಜಾಗ ಇದ್ದರೆ ಇದಕ್ಕಿಂತ ಅಗ್ಗದ್ದು ಇಲ್ಲ. ಬಾಳೆ ಒಂದೇ ವರ್ಷದಲ್ಲಿ ನೆರಳಾಗುತ್ತದೆ. ಪುನರ್ಪುಳಿ ನಿಧಾನ, ಆದರೆ ವರ್ಷವಿಡೀ ದಟ್ಟ ಎಲೆ, ಶರಬತ್ತಿಗೂ ಆಯಿತು. ತೆಂಗಿನ ನೆರಳು ಮೇಲೆಲ್ಲೋ ಬೀಳುತ್ತದೆ, ಗೋಡೆಗೆ ಸಿಗುವುದು ಕಡಿಮೆ. ಬಳ್ಳಿಯನ್ನು ಗೋಡೆಗೇ ಹಬ್ಬಿಸಬೇಡಿ, ಒಂದೂವರೆ ಅಡಿ ಈಚೆ ತಂತಿ ಕಟ್ಟಿ ಅದಕ್ಕೆ ಹಬ್ಬಿಸಿ. ಗೋಡೆ ಒಣಗಲು ಜಾಗ ಬೇಕು.

ಕೆಲಸ ಯಾವಾಗ ಮಾಡಿಸಲಿ?

ಡಿಸೆಂಬರಿನಿಂದ ಮಾರ್ಚ್ ಒಳಗೆ. ಮಳೆ ನಿಂತ ಕೂಡಲೇ ಬೇಡ, ಗೋಡೆ ಕುಡಿದ ನೀರು ಒಣಗಲು ಒಂದೆರಡು ತಿಂಗಳು ಬೇಕು. ಮೇ ತಿಂಗಳಲ್ಲಿ ಶುರು ಮಾಡಿದರೆ ಸಾರಣೆ ಅರ್ಧದಲ್ಲಿರುವಾಗ ಮಳೆ ಹಿಡಿಯುತ್ತದೆ.

ಕಂಟ್ರಾಕ್ಟರ್ ಹತ್ತಿರ ಏನೇನು ಕೇಳಬೇಕು?

ಹಲಗೆಯ ದಪ್ಪ ಎಷ್ಟು, ಸಾಂದ್ರತೆ ಎಷ್ಟು, ಬೆಂಕಿ ತಡೆಯುವ ದರ್ಜೆಯದ್ದಾ, ಇದನ್ನು ಬಿಲ್ಲಿನಲ್ಲೇ ಬರೆಸಿ. ಚದರಡಿ ದರದಲ್ಲಿ ಸಾರವೆ ಕಟ್ಟುವ ಖರ್ಚು, ಕಿಟಕಿ ಸುತ್ತಲಿನ ಅಂಚು, ಮೂಲೆಯ ಪಟ್ಟಿ ಸೇರಿದೆಯಾ ಕೇಳಿ. ಇವನ್ನು ಆಮೇಲೆ ಸೇರಿಸಿದರೆ ಬಿಲ್ಲು ಉಬ್ಬುತ್ತದೆ. ಹೊರಗೋಡೆಯ ಕೆಲಸವಾದರೆ ಅವರು ಹಿಂದೆ ಮಾಡಿದ, ಎರಡು ಮಳೆಗಾಲ ಕಂಡ ಒಂದು ಗೋಡೆಯನ್ನು ತೋರಿಸಲು ಹೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ.

ಒಳಗೆ ಬೋರ್ಡ್ ಹೊಡೆದ ಗೋಡೆಗೆ ಮೊಳೆ ಹೊಡೆಯಬಹುದಾ?

ಕ್ಯಾಲೆಂಡರು, ಸಣ್ಣ ಫೋಟೋ ಆಗುತ್ತದೆ, ಜಿಪ್ಸಂ ಬೋರ್ಡಿಗೆಂದೇ ಬರುವ ಪ್ಲಗ್ ಬಳಸಿ. ಟಿವಿ, ಗೀಸರ್, ಎಸಿಯ ಒಳಗಿನ ಯೂನಿಟ್ ಇದ್ದರೆ ಬೋರ್ಡ್ ಹೊಡೆಯುವ ಮೊದಲೇ ಹೇಳಿ, ಆ ಜಾಗದಲ್ಲಿ ಹಿಂದೆ ಮರದ ಪಟ್ಟಿ ಇಡಿಸಿ, ಪಟ್ಟಿಯನ್ನು ಮೂಲ ಗೋಡೆಗೇ ಬಿಗಿಸಬೇಕು. ಬೋರ್ಡ್ ಮುಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ವಯರ್ ಎಲ್ಲಿ ಹೋಗಿದೆ, ಪಟ್ಟಿ ಎಲ್ಲಿದೆ ಅಂತ ಮುಂದೆ ಡ್ರಿಲ್ ಹಿಡಿದು ಬರುವವರಿಗೆ ತೋರಿಸಬಹುದು.